ತಲೆ ಎಣಿಸಿ ಶಾಲೆಯ ಮಾಡು ಹೊದಿಸಲಾಗದು: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಲೆನಾಡು ಮತ್ತು ಕರಾವಳಿಯ ಸಣ್ಣ ಸರ್ಕಾರಿ ಶಾಲೆಗಳ ವಾರ್ಷಿಕ ಅನುದಾನದ ಕುರಿತು

ಮಾನ್ಯರೇ,

ಶಿರಸಿ ತಾಲ್ಲೂಕಿನಲ್ಲಿ ಘಟ್ಟದ ಅಂಚಿಗಿರುವ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆಯಾಗಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಮಗಳು ನಾಲ್ಕನೇ ತರಗತಿಯಲ್ಲಿ ಅಲ್ಲಿಯೇ ಓದುತ್ತಾಳೆ. ನಾನೂ ಓದಿದ್ದು ಅದೇ ಎರಡು ಕೋಣೆಗಳಲ್ಲಿ. ಶಾಲೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ನಮ್ಮ ಮುಖ್ಯ ಶಿಕ್ಷಕಿಯವರು ಉತ್ತರ ಕೊಡಬೇಕಾಗಿ ಬಂದೀತು ಎಂಬ ಅಳುಕು ನನಗಿದೆ. ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಕಳೆದ ಮಳೆಗಾಲದಲ್ಲಿ, ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಬಿಸಿಯೂಟದ ಅಕ್ಕಿ ನೆನೆಯುತ್ತಿದೆ ಎಂದು ಅಡುಗೆಯವರು ಕರೆ ಮಾಡಿದರು. ನಾನು ಹೋಗುವಷ್ಟರಲ್ಲಿ ಅಕ್ಕೋರು (ಮುಖ್ಯ ಶಿಕ್ಷಕಿಯವರನ್ನು ನಾವು ಕರೆಯುವುದು ಹೀಗೆ) ಮತ್ತು ಅಡುಗೆಯವರು ಸೇರಿ ಅಕ್ಕಿ ಚೀಲಗಳನ್ನು ತರಗತಿಯ ಕೋಣೆಗೆ ತಂದು ಬೆಂಚಿನ ಮೇಲೆ ಪೇರಿಸಿದ್ದರು. ಅದೇ ಕೋಣೆಯ ನಡುವೆ ಮೂರು ಬಕೆಟ್‌ಗಳು. ಹದಿನೇಳು ಮಕ್ಕಳು ಬಲಗಡೆಯ ಗೋಡೆಗೆ ಒತ್ತಿಕೊಂಡು ಕುಳಿತಿದ್ದರು, ಏಕೆಂದರೆ ಒಣಗಿದ ನೆಲ ಉಳಿದಿದ್ದು ಅಷ್ಟೇ. ನಲಿ-ಕಲಿ ಕಾರ್ಡುಗಳು ನೀರು ಕುಡಿದು ಊದಿಕೊಂಡಿದ್ದವು. ಮೀಟರ್ ಬೋರ್ಡಿನ ಹತ್ತಿರ ಗೋಡೆ ಜಿನುಗುತ್ತಿದ್ದ ಕಾರಣ ಅಕ್ಕೋರು ಮೇನ್ ಸ್ವಿಚ್ ಆರಿಸಿದ್ದರು. ಆ ಮಬ್ಬುಗತ್ತಲಿನಲ್ಲಿ ಒಬ್ಬ ಹುಡುಗ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದ. ಉಳಿದವರಿಗೆ ಮಳೆಯ ಸದ್ದಿನಲ್ಲಿ ಅದು ಕೇಳಿಸುತ್ತಿತ್ತೋ ಇಲ್ಲವೋ. ಅಕ್ಕೋರು ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ಬಾಗಿಲ ಬಳಿಯಿದ್ದ ತುಂಬಿದ ಬಕೆಟ್ ಎತ್ತಿ ಅಂಗಳಕ್ಕೆ ಚೆಲ್ಲಿ ಮತ್ತೆ ಅದೇ ಜಾಗದಲ್ಲಿ ಇಟ್ಟರು.

ಮಾನ್ಯರೇ, ನಮ್ಮದು ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು (ಚಾವಣಿ) ಇರುವ ಕಟ್ಟಡ. ಘಟ್ಟದ ಈ ಸೀಮೆಯಲ್ಲಿ ಅಂಥ ಮಾಡಿಗೆ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಹಂಚು ಕೈಯಾಡಿಸಲೇಬೇಕು. ಮಂಗ ಹಾರಿ ಒಡೆದದ್ದನ್ನು, ಜಾರಿದ್ದನ್ನು ತೆಗೆದು ಬೇರೆ ಹಂಚು ಕೂರಿಸಬೇಕು. ಹಂಚನ್ನು ಹೊತ್ತ ಮರದ ಪಟ್ಟಿ, ತೊಲೆಗಳಾದ ರೀಪು, ಪಕಾಸುಗಳಿಗೆ ಒರಲೆ ಹಿಡಿದಿದ್ದರೆ ಅವನ್ನು ಬದಲಿಸಬೇಕು. ಗಾಳಿಮಳೆ ಬಡಿಯುವ ಕಡೆಯ ಗೋಡೆಗೆ ಸೋಗೆ ತಟ್ಟಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಬೇಕು. ಇದು ಇಲ್ಲಿನ ಪ್ರತಿ ಮನೆಯವರಿಗೂ ಗೊತ್ತಿರುವ ಲೆಕ್ಕ. ಆದರೆ ಸರ್ಕಾರಿ ಶಾಲೆಗೆ ಹಣ ಕೊಡುವ ಲೆಕ್ಕದಲ್ಲಿ ಮಾಡಿನ ಅಳತೆಯೂ ಇಲ್ಲ, ಮಳೆಯ ಅಳತೆಯೂ ಇಲ್ಲ. ಅಲ್ಲಿರುವುದು ಮಕ್ಕಳ ತಲೆ ಎಣಿಕೆ ಮಾತ್ರ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಕೊಡುವ ವಾರ್ಷಿಕ ಅನುದಾನದ ಮಿತಿ ತಮಗೆ ತಿಳಿದೇ ಇದೆ. ಓದುಗರಿಗಾಗಿ ಹೇಳುತ್ತೇನೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ₹10,000. 31ರಿಂದ 100 ಮಕ್ಕಳಿದ್ದರೆ ₹25,000. 250ರವರೆಗೆ ₹50,000, 1,000ದವರೆಗೆ ₹75,000, ಅದಕ್ಕೂ ಮೇಲಿದ್ದರೆ ₹1,00,000. ಈ ಹಣದಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಮೀಸಲಿಡಬೇಕು.

ನಾಲ್ಕು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ 32 ಮಕ್ಕಳಿದ್ದರು. ಮರುವರ್ಷ ಐದನೇ ತರಗತಿ ಮುಗಿಸಿ ಹೋದವರಿಗಿಂತ ಒಂದನೇ ತರಗತಿಗೆ ಬಂದವರು ಮೂವರು ಕಡಿಮೆಯಾದರು. ಸಂಖ್ಯೆ 29ಕ್ಕೆ ಇಳಿಯಿತು, ಅನುದಾನ ₹25,000ದಿಂದ ₹10,000ಕ್ಕೆ ಇಳಿಯಿತು. ಆ ವರ್ಷ ಕೋಣೆಗಳು ಎರಡೇ ಇದ್ದವು, ಹಂಚು ಅಷ್ಟೇ ಇದ್ದವು, ಮಳೆಯೂ ಎಂದಿನಂತೆಯೇ ಬಂತು. ಮೂವರು ಮಕ್ಕಳು ಹೋದರೆ ಮಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಅವರ ಜೊತೆಗೆ ಹೋಗುತ್ತದೆಯೇ ಎಂದು ತಮ್ಮನ್ನು ಗೌರವದಿಂದಲೇ ಕೇಳುತ್ತಿದ್ದೇನೆ.

ಕಳೆದ ವರ್ಷದ ನಮ್ಮ ಖರ್ಚನ್ನು ನೋಡಿ. ಹಂಚು ಕೈಯಾಡಿಸಲು ಮೂರು ಆಳು, ಎರಡು ದಿನ, ಆಳಿಗೆ ₹900ರಂತೆ ₹5,400. ಹೊಸ ಹಂಚು ಅರವತ್ತು, ಸಾಗಾಟ ಸೇರಿ ₹2,400. ಸ್ವಚ್ಛತೆಗೆ ₹1,000. ಉಳಿದದ್ದು ₹1,200. ಚಾಕ್, ಹಾಜರಿ ಪುಸ್ತಕ, ಬಲ್ಬು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇಲಾಖೆ ಕೇಳುವ ವರದಿಗಳ ಪ್ರಿಂಟ್, ರಾಷ್ಟ್ರೀಯ ಹಬ್ಬಗಳ ಸಿಹಿ, ಎಲ್ಲವೂ ಆ ₹1,200ರಲ್ಲಿ, ಇಡೀ ವರ್ಷಕ್ಕೆ. ರೀಪು ಬದಲಿಸಲು ಹಣ ಉಳಿಯಲಿಲ್ಲ. ರೀಪು ಕೊಳೆತಿದ್ದರಿಂದಲೇ ಜುಲೈಯಲ್ಲಿ ಹಂಚು ಮತ್ತೆ ಜಾರಿದ್ದು, ಅಕ್ಕಿ ನೆನೆದದ್ದು. ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ಒಂದು ರೂಪಾಯಿಯೂ ಪೋಲಾಗಿಲ್ಲ.

ಇನ್ನೊಂದು ಸಂಗತಿ, ಹಣ ಬರುವ ಕಾಲ. ನಮಗೆ ಹಣ ಬೇಕಿರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ನಾನು ಅಧ್ಯಕ್ಷೆಯಾದ ಮೇಲೆ ಎರಡೂ ವರ್ಷ ಪೂರ್ತಿ ಹಣ ಕೈಗೆ ಸಿಕ್ಕಿದ್ದು ಮಳೆಗಾಲ ಕಳೆದ ಬಳಿಕ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಿ ಎಂಬ ಆತುರ ಬೇರೆ. ಮೇ ತಿಂಗಳ ಹಂಚಿನ ಕೂಲಿಯನ್ನು ಮೊದಲ ವರ್ಷ ಅಕ್ಕೋರು ತಮ್ಮ ಸಂಬಳದಿಂದ ಕೊಟ್ಟರು. ಎರಡನೇ ವರ್ಷ ನಾನು ಅಡಿಕೆ ಮಾರಿದ ಹಣದಿಂದ ಕೊಟ್ಟೆ. ನಂತರ ಹಿಂದಕ್ಕೆ ಪಡೆದೆವು, ನಿಜ. ಆದರೆ ಸಾಲ ಕೊಡಬಲ್ಲ ಶಿಕ್ಷಕಿಯೋ ಅಧ್ಯಕ್ಷೆಯೋ ಇಲ್ಲದ ಶಾಲೆ ಮೇ ತಿಂಗಳಲ್ಲಿ ಏನು ಮಾಡಬೇಕು?

ಮೂರು ವರ್ಷಗಳ ಹಿಂದೆ ದೊಡ್ಡ ದುರಸ್ತಿಗೆಂದು ಕಟ್ಟಡದ ಅಳತೆ ತೆಗೆದು ಅಂದಾಜು ಪಟ್ಟಿ ಮಾಡಿದ್ದರು. ಆ ಕಡತ ಎಲ್ಲಿದೆ ಎಂದು ಕೇಳಲು ನಾನು ಕಚೇರಿಗೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕನೇ ಸಲ ಸಿಕ್ಕ ಉತ್ತರ ಹೀಗಿತ್ತು: "ನಿಮ್ಮಲ್ಲಿ ಮಕ್ಕಳೇ ಕಡಿಮೆ ಅಲ್ಲವೇ? ಹೆಚ್ಚು ಮಕ್ಕಳಿರುವ ಕಡೆ ಮೊದಲು ಮಾಡುತ್ತೇವೆ." ಹೇಳಿದವರು ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಅಂಥ ಕಡತಗಳು ರಾಶಿ ಇದ್ದವು, ಅವರಿಗೆ ಕೊಟ್ಟ ಹಣ ಕೆಲವಕ್ಕೆ ಮಾತ್ರ ಸಾಕಾಗುತ್ತಿತ್ತು.

ಮಕ್ಕಳು ಏಕೆ ಕಡಿಮೆಯಾದರು ಎಂಬುದನ್ನೂ ಹೇಳಬೇಕು. ಜನನ ಕಡಿಮೆಯಾಗಿದೆ, ಕೆಲವು ಕುಟುಂಬಗಳು ಪೇಟೆ ಸೇರಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನಲ್ಲೇ ಇರುವ ಆರು ಮಕ್ಕಳು ಪ್ರತಿದಿನ ಬೆಳಿಗ್ಗೆ ಏಳೂವರೆಗೆ ಮುಖ್ಯರಸ್ತೆಗೆ ನಡೆದು ಹೋಗಿ ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತುತ್ತಾರೆ. ಅವರಲ್ಲಿ ಒಬ್ಬಳ ತಂದೆ ತೋಟದ ಕೆಲಸಕ್ಕೆ ಹೋಗುವವರು. ಮಗಳ ಶುಲ್ಕಕ್ಕಾಗಿ ಸಾಲ ಮಾಡಿದ್ದಾರೆ. ಏಕೆ ಬಿಡಿಸಿದಿರಿ ಎಂದು ಕೇಳಿದಾಗ ಅವರು ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ: "ಅಕ್ಕ, ಅಕ್ಕೋರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಮನೆಯೂ ಸೋರುತ್ತದೆ. ಮಗಳು ಹಗಲೂ ಒದ್ದೆಯಲ್ಲಿ ಕೂರಬೇಕೇ?"

ಸೋರುವ ಶಾಲೆಯಿಂದ ಮಕ್ಕಳು ಹೋಗುತ್ತಾರೆ. ಮಕ್ಕಳು ಹೋದರೆಂದು ಅನುದಾನ ಇಳಿಯುತ್ತದೆ. ಅನುದಾನ ಇಳಿದ ಶಾಲೆ ಇನ್ನಷ್ಟು ಸೋರುತ್ತದೆ. ಕೊನೆಗೆ ಒಂದು ದಿನ, ಪಾಲಕರಿಗೇ ಸರ್ಕಾರಿ ಶಾಲೆ ಬೇಡವಾಗಿದೆ ಎಂದು ಕಾಗದದ ಮೇಲೆ ಬರೆದು ಬೀಗ ಹಾಕುತ್ತಾರೆ. ಬೇಡ ಎಂದವರು ಯಾರು ಎಂದು ನಾನು ಹುಡುಕುತ್ತಿದ್ದೇನೆ. ಸಾಲ ಮಾಡಿ ಶುಲ್ಕ ಕಟ್ಟುವ ಆ ತಂದೆಯಂತೂ ಅಲ್ಲ.

ಶಿಕ್ಷಕರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ರಾಜ್ಯಕ್ಕೆಲ್ಲ ಗೊತ್ತಿರುವ ಸಂಗತಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ನಮ್ಮಲ್ಲಿ ಎರಡನೆಯ ಹುದ್ದೆ ಖಾಲಿ. ಅತಿಥಿ ಶಿಕ್ಷಕಿಯೊಬ್ಬರು ಬರುತ್ತಾರೆ, ಚೆನ್ನಾಗಿ ಕಲಿಸುತ್ತಾರೆ. 2025-26ರ ಬಜೆಟ್‌ನಲ್ಲಿ ಅವರ ಗೌರವಧನವನ್ನು ₹2,000 ಹೆಚ್ಚಿಸಿದ್ದಕ್ಕೆ ತಮ್ಮ ಸರ್ಕಾರಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೂ ಶಾಲೆ ತೆರೆದ ದಿನ ಅವರು ಇರುವುದಿಲ್ಲ, ನೇಮಕಾತಿಯ ಆದೇಶ ಬಂದ ಮೇಲೆ ಬರುತ್ತಾರೆ. ಅಕ್ಕೋರು ಸಭೆಗೆಂದು ಹೋದ ದಿನ ಐದು ತರಗತಿಗಳಿಗೆ ಒಬ್ಬರೇ. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು ಅದೇ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಇಬ್ಬರೇ ಇರಬೇಕಾದ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಅದು ಶೇ 50.

ಸಣ್ಣ ಶಾಲೆಗಳನ್ನೆಲ್ಲ ಒಟ್ಟುಗೂಡಿಸಿ ಒಂದು ದೊಡ್ಡ ಶಾಲೆ ಮಾಡಿದರೆ ಈ ತೊಂದರೆಯೇ ಇರುವುದಿಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಕರ್ನಾಟಕ ಪಬ್ಲಿಕ್ ಶಾಲೆಗಳ ಬಗ್ಗೆ ನನಗೆ ವಿರೋಧವಿಲ್ಲ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಯುವ ಅವಕಾಶ ನಮ್ಮ ಮಕ್ಕಳಿಗೂ ಸಿಗಲಿ. ಆದರೆ ಬಯಲುಸೀಮೆಯಲ್ಲಿ ಮೂರು ಕಿಲೋಮೀಟರ್ ಎಂದರೆ ಒಂದು ದಾರಿ, ಇಲ್ಲಿ ಮೂರು ಕಿಲೋಮೀಟರ್ ಎಂದರೆ ಬೇರೆಯೇ ದಾರಿ. ನಮ್ಮ ಶಾಲೆಗೆ ಬರುವ ಐವರು ಮಕ್ಕಳು ಹಳ್ಳದ ಆಚೆಯ ಕೇರಿಯವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ದಾಟುವುದು ಎರಡು ಮರದ ದಿಮ್ಮಿಗಳ ಕಾಲುಸಂಕವನ್ನು. ನೀರು ಏರಿದ ದಿನ ಅವರ ಅಜ್ಜಿಯೊಬ್ಬರು ಸಂಕದ ಬಳಿ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸುತ್ತಾರೆ. ಆ ಮಕ್ಕಳು ಇನ್ನೂ ನಾಲ್ಕು ಕಿಲೋಮೀಟರ್ ಮುಂದೆ ಹೋಗಬೇಕು ಎಂದು ಬೆಂಗಳೂರಿನಲ್ಲಿ ನಕ್ಷೆ ನೋಡಿ ತೀರ್ಮಾನಿಸುವವರು ಒಂದು ಸಲ ಆಷಾಢದಲ್ಲಿ ಇಲ್ಲಿಗೆ ಬರಬೇಕು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟ, ರಸ್ತೆ ಕೊಚ್ಚಿಹೋದದ್ದನ್ನು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದನ್ನು ಈ ಜಿಲ್ಲೆ ಮರೆತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳಲ್ಲಿಯೂ ಭೂಕುಸಿತ, ಪ್ರವಾಹದ ಭಯವಿರುವ ದುರ್ಗಮ ಪ್ರದೇಶಗಳಲ್ಲಿ ಶಾಲೆ ಮಗುವಿಗೆ ಇನ್ನಷ್ಟು ಹತ್ತಿರವಿರಬೇಕು ಎಂದಿದೆ. ನಿಯಮ ಹತ್ತಿರ ತನ್ನಿ ಎನ್ನುವಾಗ ನಾವು ದೂರ ಒಯ್ಯಲು ಹೊರಟಿದ್ದೇವೆ.

ಇನ್ನು ದಾನಿಗಳ ಮಾತು. ಊರಿನವರೇ ಸೇರಿ ದುರಸ್ತಿ ಮಾಡಿಕೊಳ್ಳಬಾರದೇ ಎಂದು ಕೇಳುವವರಿಗೆ ಈ ಜಿಲ್ಲೆಯ ಚರಿತ್ರೆ ಗೊತ್ತಿಲ್ಲ. ನಮ್ಮ ಶಾಲೆಯ ಜಾಗ ಊರಿನ ಒಂದು ಮನೆತನ ಬಿಟ್ಟುಕೊಟ್ಟದ್ದು. ಆ ಕಾಲದ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದ ನನ್ನ ಅಜ್ಜ ಗೋಡೆಗೆ ಕಲ್ಲು ಹೊತ್ತವರು. ಕರಾವಳಿಯಲ್ಲಿ ಬಡವರ ಮಕ್ಕಳಿಗೆ ಹೈಸ್ಕೂಲು ಕನಸಿನ ಮಾತಾಗಿದ್ದ ಕಾಲದಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ತಂದರು. ಉತ್ತರ ಕನ್ನಡದವರು ಶಾಲೆಗೆ ಕೈಯಿಂದ ಹಾಕಲು ಯಾವತ್ತೂ ಹಿಂದೆ ಸರಿದವರಲ್ಲ. ಈಗಲೂ ನಾವು ಸೋಗೆ ತರುತ್ತೇವೆ, ಶ್ರಮದಾನ ಮಾಡುತ್ತೇವೆ, ಬಿಸಿಯೂಟಕ್ಕೆ ತೆಂಗಿನಕಾಯಿ, ಬಸಳೆ, ಸೌತೆಕಾಯಿ ಕೊಡುತ್ತೇವೆ.

ಆದರೆ ಸರ್ಕಾರ ಕೊಡಬೇಕಾದ ಜಾಗದಲ್ಲಿ ದಾನಿಗಳನ್ನು ನಿಲ್ಲಿಸಿದಾಗ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದ ಊರಿನ ಶಾಲೆಯಲ್ಲಿ ಕಲಿತ ಕೆಲವರು ಬೆಂಗಳೂರು, ಮುಂಬೈಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದಾರೆ. ಅವರು ಬಣ್ಣ ಹೊಡೆಸಿದರು, ಕಂಪ್ಯೂಟರ್ ಕೊಟ್ಟರು. ಆ ಮಕ್ಕಳಿಗೆ ಒಳ್ಳೆಯದಾಗಲಿ. ಗೌಳಿ ದೊಡ್ಡಿಯ ಶಾಲೆಗೆ, ಸಿದ್ದಿಗಳ ಕೇರಿಯ ಶಾಲೆಗೆ, ಜೋಯಿಡಾದ ಕಾಡಿನೊಳಗಿನ ಕುಣಬಿ ಮಕ್ಕಳ ಶಾಲೆಗೆ ಅಂಥ ಹಳೆಯ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಹೆಚ್ಚಾಗಿ ಅವರ ಯೋಜನೆ ಇರುವ ಸುತ್ತಮುತ್ತಲಿಗೆ ಹೋಗುತ್ತದೆ. ಯಾರ ಹತ್ತಿರವೂ ಇಲ್ಲದ ಶಾಲೆಗೆ ಸರ್ಕಾರವೊಂದೇ ದಿಕ್ಕು. 2022ರ ಅಕ್ಟೋಬರ್‌ನಲ್ಲಿ ಪಾಲಕರಿಂದ ತಿಂಗಳಿಗೆ ₹100 ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂದಿತ್ತು. ಜನ ಪ್ರತಿಭಟಿಸಿದ ಮೇಲೆ ಅಂದಿನ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಸುತ್ತೋಲೆ ಹೋಯಿತು, ಆದರೆ ಮೇ ತಿಂಗಳಲ್ಲಿ ಹಂಚಿಗೆ ಹಣ ಹೊಂದಿಸುವ ಹೊಣೆ ನಮ್ಮ ಹೆಗಲಿನಲ್ಲೇ ಉಳಿಯಿತು.

ಅನುದಾನದ ಮಿತಿ ಕೇಂದ್ರದ್ದು, ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುವ ಯೋಜನೆ, ರಾಜ್ಯ ಏನು ಮಾಡಲಾದೀತು ಎಂಬ ಉತ್ತರ ಬರಬಹುದು. ಕೇಂದ್ರದ ಮೇಲೆ ನಮ್ಮ ದೂರು ಇದ್ದೇ ಇದೆ. ಒಟ್ಟು ರಾಷ್ಟ್ರೀಯ ಉತ್ಪನ್ನದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕು ಎಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ 6ರ ಮಾತನ್ನು ಮತ್ತೆ ಬರೆದುಕೊಂಡಿದೆ. ಆದರೆ ಕೇಂದ್ರದ ಮಿತಿ ರಾಜ್ಯದ ಕೈ ಕಟ್ಟಿಲ್ಲ. 2013ರಲ್ಲಿ ಕ್ಷೀರಭಾಗ್ಯ ಆರಂಭಿಸಿ ಮಕ್ಕಳಿಗೆ ಹಾಲು ಕೊಟ್ಟಿದ್ದು ಇದೇ ರಾಜ್ಯ. ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದ್ದು ಇದೇ ರಾಜ್ಯ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಎಂದು ಘೋಷಿಸಿದ್ದೂ ಇದೇ ರಾಜ್ಯ. ಮೊಟ್ಟೆ ತಿಂದು ಹಾಲು ಕುಡಿದ ಮಗು ಒಣ ನೆಲದ ಮೇಲೆ ಕುಳಿತು ಓದುವಂತೆ ಮಾಡುವುದಕ್ಕೂ ಇದೇ ರಾಜ್ಯದಿಂದ ಸಾಧ್ಯವಿದೆ.

ದಾರಿಯನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ, ಕಾಯ್ದೆಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಸಮಿತಿ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಿರಬೇಕು. ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯಾಗಲಿಲ್ಲ. ನಾವು ಪಾಲಕರು ನಾಲ್ಕು ಸಂಜೆ ಶಾಲೆಯ ಜಗುಲಿಯಲ್ಲಿ ಕುಳಿತು ಮೂರು ವರ್ಷಗಳ ಯೋಜನೆ ಬರೆದೆವು. ಮಾಡಿನ ಉದ್ದ ಅಗಲ ಅಳೆದೆವು, ಕೊಳೆತ ಪಕಾಸು ಎಷ್ಟು ಎಂದು ಏಣಿ ಹತ್ತಿ ಎಣಿಸಿದೆವು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಪೈಪು ಎಷ್ಟು ಮೀಟರ್ ಬೇಕು ಎಂದು ಹಗ್ಗ ಹಿಡಿದು ನೋಡಿದೆವು. ಸಹಿ ಹಾಕಲು ಬಾರದ ಇಬ್ಬರು ತಾಯಂದಿರು ಹೆಬ್ಬೆಟ್ಟು ಒತ್ತಿದರು. ಅದನ್ನು ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆದೆವು. ನಂತರ ಬಂದದ್ದು ಅದೇ ₹10,000. ಯೋಜನೆಯನ್ನು ಯಾರಾದರೂ ತೆರೆದು ಓದಿದರೇ ಎಂಬುದೂ ನಮಗೆ ತಿಳಿಯಲಿಲ್ಲ.

ಆದ್ದರಿಂದ ಮಾನ್ಯರೇ, ಬರುವ ಬಜೆಟ್‌ಗೆ ಮುನ್ನ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಉತ್ತರ ಕನ್ನಡದಂತಹ ಹೆಚ್ಚು ಮಳೆಯ ಜಿಲ್ಲೆಗಳ ಶಾಲೆಗಳಿಗೆ ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಕಟ್ಟಡದ ವಿಸ್ತೀರ್ಣ ಮತ್ತು ಸ್ಥಿತಿಯನ್ನು ನೋಡಿ ಪ್ರತ್ಯೇಕ ನಿರ್ವಹಣಾ ಅನುದಾನವನ್ನು ರಾಜ್ಯದ ಹಣದಿಂದ ನಿಗದಿಪಡಿಸಿ. ಅದು ಏಪ್ರಿಲ್ ಮುಗಿಯುವುದರೊಳಗೆ ಶಾಲೆಯ ಕೈಗೆ ಸಿಗಲಿ. ಉಳಿದೆಲ್ಲ ಕೋರಿಕೆಗಳಿಗಿಂತ ಇದು ನಮಗೆ ದೊಡ್ಡದು. ಶಾಲಾ ಅಭಿವೃದ್ಧಿ ಯೋಜನೆ ಸಲ್ಲಿಸಿದ ಸಮಿತಿಗೆ ಯಾವುದು ಒಪ್ಪಿಗೆಯಾಯಿತು, ಯಾವುದು ಆಗಲಿಲ್ಲ, ಏಕೆ ಎಂದು ಲಿಖಿತ ಉತ್ತರ ಕೊಡಿಸಿ. ಕಿರಿಯ ಪ್ರಾಥಮಿಕ ಶಾಲೆಗಳ ಎರಡನೆಯ ಹುದ್ದೆಯನ್ನು ತುಂಬುವವರೆಗೆ ಅತಿಥಿ ಶಿಕ್ಷಕರು ಶಾಲೆ ತೆರೆದ ದಿನವೇ ತರಗತಿಯಲ್ಲಿ ಇರುವಂತೆ ನೇಮಕಾತಿಯ ಆದೇಶವನ್ನು ಮೇ ತಿಂಗಳಲ್ಲೇ ಹೊರಡಿಸಿ. ಯಾವುದೇ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸುವ ಮುನ್ನ ಮಳೆಗಾಲದಲ್ಲಿ ಆ ದಾರಿಯನ್ನು ನಡೆದು ನೋಡಿದ ಅಧಿಕಾರಿಯ ವರದಿಯೂ ಗ್ರಾಮಸಭೆಯ ಒಪ್ಪಿಗೆಯೂ ಕಡ್ಡಾಯವಾಗಲಿ.

ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ ಕ್ಷೇತ್ರಗಳ ಆರೂ ಶಾಸಕರಿಗೆ ಈ ಪತ್ರದ ಪ್ರತಿಯನ್ನು ಕಳುಹಿಸಿದ್ದೇನೆ. ಪಕ್ಷ ಯಾವುದೇ ಇರಲಿ, ತಮ್ಮ ಕ್ಷೇತ್ರದಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಸೋರುತ್ತವೆ ಎಂಬ ಪಟ್ಟಿಯನ್ನು ತರಿಸಿಕೊಂಡು ಅವರು ಸದನದಲ್ಲಿ ಎದ್ದು ನಿಲ್ಲಬೇಕು ಎಂದು ಕೋರಿದ್ದೇನೆ.

ನಮ್ಮ ಶಾಲೆಯ ಯೋಜನೆಯ ಪ್ರತಿ, ಎರಡು ವರ್ಷಗಳ ಲೆಕ್ಕ ಮತ್ತು ಮಾಡಿನ ಏಳು ಚಿತ್ರಗಳನ್ನು ತಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬೇರೆಯಾಗಿ ಕಳುಹಿಸಿದ್ದೇನೆ. ಹಂಚು ಕೈಯಾಡಿಸುವ ಆಳುಗಳಿಗೆ ಮೇ ತಿಂಗಳ ಎರಡನೇ ವಾರಕ್ಕೆ ಬರಲು ಹೇಳಿಟ್ಟಿದ್ದೇವೆ. ಈ ಸಲ ರೀಪನ್ನೂ ಬದಲಿಸುತ್ತೀರೋ ಎಂದು ಅವರು ಕೇಳಿದ್ದಾರೆ. ತಮ್ಮ ಉತ್ತರ ಬಂದ ಮೇಲೆ ತಿಳಿಸುತ್ತೇನೆ ಎಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಎಸ್‌ಡಿಎಂಸಿ ಅಧ್ಯಕ್ಷೆ,
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ